ಮಣಿಕಟ್ಟಿನ ನರಬಾಧೆ ದಾಖಲಿಸಿದ ಸರ್ ಜೇಮ್ಸ್ ಪ್ಯಾಗೆಟ್

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ ಬಿಡಿಸುವುದು, ಕಳೆ ತೆಗೆಯುವುದು ಕೈಯನ್ನೇ ನಂಬಿದ ದುಡಿಮೆ. ಇಂತಹ ದುಡಿಮೆಯಲ್ಲಿ ಮಣಿಕಟ್ಟು ಸವೆದವರಿಗೆ ರಾತ್ರಿ ವೇಳೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದುಂಟು. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಮೀಡಿಯನ್ ನರ ಒತ್ತಡಕ್ಕೆ ಸಿಲುಕುವ ಈ ಬಾಧೆಯೇ ಕಾರ್ಪಲ್ ಟನೆಲ್ ಸಿಂಡ್ರೋಮ್. ಇದನ್ನು ಮೊದಲು ದಾಖಲಿಸಿದ ಕೀರ್ತಿ ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಗೆಟ್ ಅವರಿಗೆ ಸಲ್ಲುತ್ತದೆ.

1814ರ ಜನವರಿ 11ರಂದು ಗ್ರೇಟ್ ಯಾರ್ಮತ್ ಪಟ್ಟಣದಲ್ಲಿ ಜನಿಸಿದ ಪ್ಯಾಗೆಟ್, 1834ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಗೆ ವಿದ್ಯಾರ್ಥಿಯಾಗಿ ಸೇರಿದರು. ಮರುವರ್ಷವೇ ಶವದ ಮಾಂಸಖಂಡದಲ್ಲಿ ಟ್ರೈಕಿನೆಲ್ಲಾ ಹುಳುವನ್ನು ಗುರುತಿಸಿದರು. ಬಡತನದಲ್ಲಿ ವರ್ಷಗಳನ್ನು ಕಳೆದು, 1858ರಲ್ಲಿ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯರ ಸಾಲಿಗೆ ಸೇರಿದರು. 1877ರಲ್ಲಿ ಅವರು ವಿವರಿಸಿದ ಮೂಳೆರೋಗ ಇಂದಿಗೂ ಅವರ ಹೆಸರಿನಲ್ಲಿದೆ.

1853ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಪ್ಯಾಗೆಟ್ ಇಬ್ಬರು ರೋಗಿಗಳ ವೃತ್ತಾಂತ ನೀಡಿದ್ದಾರೆ. ಹಗ್ಗ ಬಿಗಿದು ಮಣಿಕಟ್ಟಿಗೆ ಪೆಟ್ಟಾಗಿದ್ದ ಒಬ್ಬನ ಕೈಯನ್ನು ಕೊನೆಗೆ ಕತ್ತರಿಸಬೇಕಾಯಿತು. ಆ ಕೈಯನ್ನು ಸೀಳಿ ನೋಡಿದಾಗ ಮೀಡಿಯನ್ ನರ ಊದಿಕೊಂಡಿತ್ತು. ಮುರಿದ ಮೂಳೆ ಅತಿಯಾಗಿ ಬೆಳೆದು ನರ ಒತ್ತಿದ್ದ ಇನ್ನೊಬ್ಬನಿಗೆ ಬೆರಳುಗಳ ಹುಣ್ಣು ಯಾವ ಔಷಧಕ್ಕೂ ಬಗ್ಗಲಿಲ್ಲ. ನರದ ಮೇಲಿನ ಭಾರ ಸಡಿಲವಾಗುವಂತೆ ಮಣಿಕಟ್ಟನ್ನು ಕಟ್ಟಿಟ್ಟ ಮೇಲೆಯೇ ಅದು ಮಾಯಿತು.

ಪಟ್ಟಿ ಕಟ್ಟುವುದೋ, ಶಸ್ತ್ರಚಿಕಿತ್ಸೆ ಮಾಡುವುದೋ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ನೆದರ್ಲೆಂಡ್ಸ್‌ನಲ್ಲಿ 176 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 18 ತಿಂಗಳ ನಂತರ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ 90 ಹಾಗೂ ಪಟ್ಟಿ ಧರಿಸಿದವರಲ್ಲಿ ಶೇ 75 ಮಂದಿ ಸುಧಾರಿಸಿದ್ದರು.

ಪ್ಯಾಗೆಟ್ ಕಾಲದಲ್ಲಿ ಕೈ ಸೀಳದೆ ಕಾಣದಿದ್ದ ನರದ ಊತವನ್ನು ಈಗ ಅಲ್ಟ್ರಾಸೌಂಡ್ ನೋವಿಲ್ಲದೆ ತೋರಿಸುತ್ತದೆ. ನರದ ಅಡ್ಡಕೊಯ್ತದ ಅಳತೆ ಸುಮಾರು 10 ಚದರ ಮಿಲಿಮೀಟರ್ ಮೀರಿದರೆ ವೈದ್ಯರು ಶಂಕಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರವೂ, ಸ್ಟಿರಾಯ್ಡ್ ಚುಚ್ಚುಮದ್ದಿನ ನಂತರವೂ ಊತ ಎಷ್ಟು ಇಳಿಯಿತೆಂದು ಅಳೆದು ಹೋಲಿಸಬಹುದಾಗಿದೆ. ಆದರೆ ಆ ಅಳತೆಗೂ ರೋಗಿಯ ಉಪಶಮನಕ್ಕೂ ಸದಾ ತಾಳೆಯಾಗದು. ಹೆಬ್ಬೆರಳ ಬುಡದ ಮಾಂಸ ಸೊರಗತೊಡಗಿದರೆ ಮಾತ್ರ ತಡಮಾಡುವಂತಿಲ್ಲ. ಶಸ್ತ್ರಚಿಕಿತ್ಸೆಯೇ ಸಾಮಾನ್ಯ ಸಲಹೆ.

1871ರಲ್ಲಿ ಶವಪರೀಕ್ಷೆಯಿಂದ ತಗುಲಿದ ಸೋಂಕು ಪ್ಯಾಗೆಟ್ ಅವರ ಜೀವಕ್ಕೇ ಎರವಾಗುವುದರಲ್ಲಿತ್ತು. ಚೇತರಿಸಿಕೊಂಡ ಅವರು ಆಸ್ಪತ್ರೆಯ ಹುದ್ದೆ ತೊರೆದರೂ ಅಧ್ಯಯನ ಬಿಡಲಿಲ್ಲ. 1899ರ ಡಿಸೆಂಬರ್ 30ರಂದು ಲಂಡನ್ನಿನಲ್ಲಿ ನಿಧನರಾದರು.