ಜರ್ಮನ್ ಕಲಿತ ಮಾರ್ಕ್ ಟ್ವೇನ್

ಬೋಧನಾಭ್ಯಾಸದ ಎರಡನೆಯ ವಾರ ಸಹಪಾಠಿಯೊಬ್ಬರ ಹಿಂದಿ ಪಾಠವನ್ನು ವೀಕ್ಷಿಸಲು ಕುಳಿತಿದ್ದೆ. ಎಂಟನೆಯ ತರಗತಿ, ವ್ಯಾಕರಣದಲ್ಲಿ ಲಿಂಗ. ಹಿಂದಿಯಲ್ಲಿ ಮೀಸೆಗೆ ‘ಮೂಂಛ್’ ಎನ್ನುತ್ತಾರೆ, ಅದು ಸ್ತ್ರೀಲಿಂಗ ಎಂದಾಗ ತರಗತಿಯೆಲ್ಲ ನಕ್ಕಿತು. ಮೀಸೆ ಹೇಗೆ ಸ್ತ್ರೀಲಿಂಗ ಆಗುತ್ತದೆ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಹಾಗೇ ನೆನಪಿಟ್ಟುಕೊಳ್ಳಬೇಕು ಎಂಬುದಷ್ಟೇ ಸಿಕ್ಕ ಉತ್ತರ. ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ನನ್ನ ಬಳಿಯೂ ಬೇರೆ ಉತ್ತರ ಇರಲಿಲ್ಲ. ಇದೇ ಪ್ರಶ್ನೆಯನ್ನು ಜರ್ಮನ್ ಭಾಷೆಯ ಬಗ್ಗೆ ವರ್ಷಗಟ್ಟಲೆ ಕೇಳಿದವರು ಅಮೆರಿಕದ ಲೇಖಕ ಮಾರ್ಕ್ ಟ್ವೇನ್. ಅವರ ಬದುಕಿನ ಈ ಭಾಗ ಶಿಕ್ಷಕರಾಗಲಿರುವ ನಮಗೆ ತಿಳಿದಿರಬೇಕು ಅನ್ನಿಸಿತು.

ಟ್ವೇನ್ ಅವರ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸ್ಸೌರಿ ರಾಜ್ಯದ ಫ್ಲಾರಿಡಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಬೆಳೆದದ್ದು ಮಿಸಿಸಿಪ್ಪಿ ನದಿಯ ದಡದ ಹ್ಯಾನಿಬಲ್ ಊರಿನಲ್ಲಿ. 1847ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ಶಾಲೆ ನಿಂತಿತು. ಬಾಲಕ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ಮುಂದೆ ಅದೇ ನದಿಯಲ್ಲಿ ಉಗಿಹಡಗು ನಡೆಸಿದರು. ‘ಮಾರ್ಕ್ ಟ್ವೇನ್’ ಎಂಬುದು ನೀರಿನ ಆಳ ಹನ್ನೆರಡು ಅಡಿ ಇದೆ ಎಂದು ತಿಳಿಸುವ ನಾವಿಕರ ಕೂಗು. ಅದನ್ನೇ ತಮ್ಮ ಕಾವ್ಯನಾಮ ಮಾಡಿಕೊಂಡರು. 1876ರಲ್ಲಿ ‘ಟಾಮ್ ಸಾಯರ್’ ಬಂದಾಗ ಅವರು ಆಗಲೇ ಹೆಸರಾಂತ ಲೇಖಕರು.

1878ರಲ್ಲಿ ಪತ್ನಿ ಒಲಿವಿಯಾ, ಹೆಣ್ಣುಮಕ್ಕಳಾದ ಸೂಸಿ ಮತ್ತು ಕ್ಲಾರಾ ಅವರೊಂದಿಗೆ ಟ್ವೇನ್ ಜರ್ಮನಿಗೆ ಹೋದರು. ಮಕ್ಕಳನ್ನು ನೋಡಿಕೊಳ್ಳಲು ರೋಸಿನಾ ಹೇ ಎಂಬ ಜರ್ಮನ್ ದಾದಿ ಜೊತೆಗಿದ್ದರು. ಆ ಬೇಸಿಗೆ ಹೈಡೆಲ್‌ಬರ್ಗ್‌ನಲ್ಲಿ ಕುಟುಂಬ ತಂಗಿತು. ಮಕ್ಕಳಿಗೆ ದಾದಿಯ ಮಾತೇ ಪಾಠವಾಯಿತು. ನಲವತ್ತು ದಾಟಿದ ತಂದೆ ವ್ಯಾಕರಣ ಪುಸ್ತಕ ಹಿಡಿದು ಕುಳಿತರು. ಅಲ್ಲೇ ತೊಂದರೆ ಶುರುವಾಯಿತು.

ಕನ್ನಡದಲ್ಲಿ ಲಿಂಗವು ಅರ್ಥದ ಹಿಂದೆ ಹೋಗುತ್ತದೆ: ಹುಡುಗ ಬಂದನು, ಹುಡುಗಿ ಬಂದಳು, ಮರ ಬಿದ್ದಿತು. ಟ್ವೇನ್ ಅವರ ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಹೀಗೆಯೇ. ಜರ್ಮನ್ನಿನಲ್ಲಿ ಪ್ರತಿಯೊಂದು ನಾಮಪದಕ್ಕೂ ಮೂರರಲ್ಲಿ ಒಂದು ಲಿಂಗ ಇರುತ್ತದೆ. ಪದದ ಮುಂದೆ ಬರುವ ‘ಡೆರ್’, ‘ಡೀ’, ‘ಡಾಸ್’ ಎಂಬ ಉಪಪದ ಅದನ್ನು ತೋರಿಸುತ್ತದೆ. ಮರ ಪುಲ್ಲಿಂಗ, ಅದರ ಮೊಗ್ಗು ಸ್ತ್ರೀಲಿಂಗ, ಎಲೆ ನಪುಂಸಕಲಿಂಗ. ನಾಯಿ ಗಂಡಾಗಿರಲಿ ಹೆಣ್ಣಾಗಿರಲಿ, ಅದರ ಸಾಮಾನ್ಯ ಹೆಸರು ಪುಲ್ಲಿಂಗ, ಬೆಕ್ಕಿನದು ಸ್ತ್ರೀಲಿಂಗ, ಕುದುರೆಯದು ನಪುಂಸಕಲಿಂಗ. ಹುಡುಗಿ ಎಂಬ ಪದ ನಪುಂಸಕಲಿಂಗವಾದರೆ ಟರ್ನಿಪ್ ಗೆಡ್ಡೆ ಸ್ತ್ರೀಲಿಂಗ! ಇಷ್ಟಕ್ಕೇ ಮುಗಿಯುವುದಿಲ್ಲ. ವಿಭಕ್ತಿಗೆ ತಕ್ಕಂತೆ ಉಪಪದವೂ ಬದಲಾಗುತ್ತದೆ. ನಾಯಿ ಕರ್ತೃವಾದರೆ ‘ಡೆರ್ ಹುಂಡ್’, ಕರ್ಮವಾದರೆ ‘ಡೆನ್ ಹುಂಡ್’, ನಾಯಿಗೆ ಎನ್ನಬೇಕಾದರೆ ‘ಡೆಮ್ ಹುಂಡ್’. ಪುಲ್ಲಿಂಗದ ಗುರುತೆಂದು ಕಲಿತ ‘ಡೆರ್’ ಚತುರ್ಥಿಯಲ್ಲಿ ಸ್ತ್ರೀಲಿಂಗ ಪದದ ಮುಂದೆಯೂ ಬಂದು ನಿಲ್ಲುತ್ತದೆ.

ಈ ಪಾಡನ್ನೆಲ್ಲ ಟ್ವೇನ್ ಒಂದು ಹಾಸ್ಯ ಪ್ರಬಂಧವಾಗಿ ಬರೆದು, 1880ರ ತಮ್ಮ ಪ್ರವಾಸ ಕಥನದ ಅನುಬಂಧದಲ್ಲಿ ಸೇರಿಸಿದರು. ಲಿಂಗ ಹಂಚಿಕೆಯಲ್ಲಿ ವ್ಯವಸ್ಥೆಯೇ ಇಲ್ಲ, ಪ್ರತಿ ಪದದ ಲಿಂಗವನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡುವುದೊಂದೇ ದಾರಿ ಎಂಬುದು ಅವರ ದೂರು. ಅದು ಪೂರ್ತಿ ನಿಜವಲ್ಲ. ‘ಉಂಗ್’, ‘ಹೈಟ್’, ‘ಕೈಟ್’ ಪ್ರತ್ಯಯ ಸೇರಿದ ಪದಗಳು ಸ್ತ್ರೀಲಿಂಗ. ಚಿಕ್ಕದು, ಮುದ್ದಾದದ್ದು ಎಂಬ ಅರ್ಥ ಕೊಡುವ ‘ಶೆನ್’ ಪ್ರತ್ಯಯ ಸೇರಿದರೆ ನಪುಂಸಕಲಿಂಗ. ಹುಡುಗಿ ಎಂಬರ್ಥದ ‘ಮೆಡ್‌ಶೆನ್’ ನಪುಂಸಕವಾದದ್ದು ಈ ಪ್ರತ್ಯಯದಿಂದಲೇ. ಆದರೆ ನಾಯಿ, ಬೆಕ್ಕು, ಮರದಂಥ ದಿನಬಳಕೆಯ ಎಷ್ಟೋ ಪದಗಳಿಗೆ ಇಂಥ ಆಸರೆ ಇಲ್ಲ. ಅಲ್ಲಿ ಟ್ವೇನ್ ಹೇಳಿದ್ದೇ ಸರಿ: ಉಪಪದವನ್ನೂ ನಾಮಪದವನ್ನೂ ಒಂದೇ ಪದವೆಂಬಂತೆ ಕಲಿಯಬೇಕು.

ಗಮನಿಸಬೇಕಾದ ಸಂಗತಿ ಏನೆಂದರೆ, ಇಷ್ಟು ಗೇಲಿ ಮಾಡಿದವರು ಕಲಿಕೆಯನ್ನು ಬಿಡಲಿಲ್ಲ. ಜರ್ಮನ್ ಕಲಿಯುವ ಯುವಕ ಯುವತಿಯರ ಬಗ್ಗೆ ಎರಡೂ ಭಾಷೆ ಬೆರೆಸಿ ನಾಟಕ ಬರೆದರು. ಅದು 1888ರಲ್ಲಿ ಅಚ್ಚಾಯಿತು. 1891ರಲ್ಲಿ ಬರ್ಲಿನ್‌ನಲ್ಲಿದ್ದಾಗ ಹೈನ್‌ರಿಶ್ ಹೋಫ್‌ಮನ್ ಅವರ ಮಕ್ಕಳ ಪದ್ಯಗಳ ಪುಸ್ತಕ ‘ಶ್ಟ್ರುವೆಲ್‌ಪೇಟರ್’ ಅನ್ನು ಇಂಗ್ಲಿಷಿಗೆ ತಂದು, ಕ್ರಿಸ್ಮಸ್ ಉಡುಗೊರೆಯಾಗಿ ಮಕ್ಕಳಿಗೆ ಕೊಟ್ಟರು.

ನಂತರದ ವರ್ಷಗಳು ಕಷ್ಟದವು. 1894ರಲ್ಲಿ ದಿವಾಳಿಯಾದರು. ಸಾಲ ತೀರಿಸಲು ಹೊರಟ ಉಪನ್ಯಾಸ ಪ್ರವಾಸದಲ್ಲಿ 1896ರ ಆರಂಭದಲ್ಲಿ ಭಾರತಕ್ಕೂ ಬಂದರು. ಆ ವರ್ಷದ ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡಿನಲ್ಲಿದ್ದಾಗ, ಅಮೆರಿಕದಲ್ಲಿ ಹಿರಿಯ ಮಗಳು ಸೂಸಿ ಮೆದುಳು ಜ್ವರದಿಂದ ತೀರಿಕೊಂಡಳು. ಮರುವರ್ಷ ಕ್ಲಾರಾಳ ಸಂಗೀತ ಶಿಕ್ಷಣಕ್ಕಾಗಿ ಕುಟುಂಬ ವಿಯೆನ್ನಾ ಸೇರಿತು. ಅಲ್ಲಿನ ಪತ್ರಕರ್ತರ ಸಂಘದಲ್ಲಿ ಟ್ವೇನ್ ಜರ್ಮನ್ ಭಾಷೆಯ ಕಷ್ಟಗಳ ಬಗ್ಗೆ ಭಾಷಣ ಮಾಡಿದರು, ಅದೂ ಜರ್ಮನ್ನಿನಲ್ಲೇ.

1904ರ ಜೂನ್ 5ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಒಲಿವಿಯಾ ನಿಧನರಾದರು. ಅಮೆರಿಕದ ಎಲ್ಮೈರಾದಲ್ಲಿರುವ ಅವರ ಸಮಾಧಿಯ ಕಲ್ಲಿನಲ್ಲಿ ಟ್ವೇನ್ ಒಂದು ಸಾಲು ಕೆತ್ತಿಸಿದರು. ದೇವರು ಆಕೆಗೆ ಕರುಣೆ ತೋರಲಿ ಎಂಬ ಆ ಪ್ರಾರ್ಥನೆ ಇರುವುದು ಜರ್ಮನ್ನಿನಲ್ಲಿ. ಅದರಲ್ಲಿ ಹೆಂಡತಿಯನ್ನು ತನ್ನ ಆನಂದವೇ ಎಂದು ಕರೆದಿದ್ದಾರೆ. ಆನಂದ ಎಂಬರ್ಥದ ‘ವೊನ್ನೆ’ ಸ್ತ್ರೀಲಿಂಗ. ‘ನನ್ನ’ ಎಂಬ ಪದಕ್ಕೂ ಸ್ತ್ರೀಲಿಂಗದ ರೂಪವೇ ಬೇಕು. ಕಲ್ಲಿನ ಮೇಲೆ ಅದು ಸರಿಯಾಗಿಯೇ ಇದೆ. 1910ರ ಏಪ್ರಿಲ್ 21ರಂದು ಟ್ವೇನ್ ತೀರಿಕೊಂಡರು. ಅವರನ್ನೂ ಅದೇ ಊರಿನಲ್ಲಿ ಸಮಾಧಿ ಮಾಡಲಾಯಿತು.

ಇಷ್ಟು ಓದಿದ ಮೇಲೆ ಆ ಹುಡುಗನ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸಿತು. ಅವನು ಪಾಠಕ್ಕೆ ಅಡ್ಡಿ ಮಾಡಿರಲಿಲ್ಲ, ಪದವನ್ನು ಗಮನಿಸಿದ್ದ. ನಿಯಮ ಇರುವ ಕಡೆ ನಾವು ನಿಯಮ ಹೇಳೋಣ. ಇಲ್ಲದ ಕಡೆ ಇಲ್ಲವೆಂದು ಒಪ್ಪಿಕೊಂಡು, ಪದವನ್ನು ಒಂಟಿಯಾಗಿ ಕೊಡದೆ ‘ಲಂಬೀ ಮೂಂಛ್’ ಎಂದು ವಿಶೇಷಣದ ಜೊತೆಗೆ ಕೊಡೋಣ. ಮಕ್ಕಳು ನಗಲಿ. ನಕ್ಕ ಪದವನ್ನು ಅವರು ಬೇಗ ಮರೆಯುವುದಿಲ್ಲ.