10 ಪೌಂಡಿಗೆ ಮೂಲೆ ಸೇರಿದ ಜೇನ್ ಆಸ್ಟಿನ್ ಕಾದಂಬರಿ

ಜೇನ್ ಆಸ್ಟಿನ್ ಅಂದ್ರೆ ಬಾಲ್ ಡ್ಯಾನ್ಸು, ಚಹಾ, ಕೊನೆಗೊಂದು ಮದುವೆ ಅಂತ ನನ್ನ ರಾಜಕೀಯದ ಗೆಳೆಯರು ಆಕೆಯನ್ನು ಓದದೆಯೇ ಪಕ್ಕಕ್ಕಿಡ್ತಾರೆ. ಅಂಥವರ ಕೈಗೆ ನಾನು ಮೊದಲು ಕೊಡೋದು 'ನಾರ್ಥ್ಯಾಂಗರ್ ಅಬ್ಬೆ'ಯನ್ನು. ಆ ಪುಸ್ತಕ ಪಟ್ಟ ಪಾಡೇ ಅರ್ಧ ರಾಜಕೀಯ.

ಜೇನ್ ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ. ಕಾದಂಬರಿ ಓದೋದು ಹೆಣ್ಣುಮಕ್ಕಳ ತಲೆ ಕೆಡಿಸುತ್ತೆ ಅಂತ ಊರೆಲ್ಲ ಉಪದೇಶ ಮಾಡ್ತಿದ್ದ ಕಾಲದಲ್ಲಿ ಆ ಮನೆಯವರು ನಾಚಿಕೆಯಿಲ್ಲದೆ ಕಾದಂಬರಿ ಓದ್ತಿದ್ದರು. 1794ರಲ್ಲಿ ಆನ್ ರಾಡ್‌ಕ್ಲಿಫ್‌ಳ 'ಉಡಾಲ್ಫೊ' ಬಂತು. ಪಾಳು ಕೋಟೆ, ಕಪ್ಪು ಪರದೆ, ಕ್ರೂರ ಯಜಮಾನ. ಅದೇ ವರ್ಷ ಜೇನ್‌ಳ ಸೋದರತ್ತೆ ಮಗಳು ಎಲೈಜಾಳ ಗಂಡನ ತಲೆಯನ್ನು ಫ್ರಾನ್ಸಿನ ಕ್ರಾಂತಿ ಸರ್ಕಾರ ಗಿಲೋಟಿನ್‌ಗೆ ಕೊಟ್ಟಿತು. ಇತ್ತ ಇಂಗ್ಲೆಂಡಿನಲ್ಲೂ ದೇಶದ್ರೋಹದ ಕೇಸುಗಳು, ವಿಚಾರಣೆಯಿಲ್ಲದ ಬಂಧನ, ಸರ್ಕಾರಿ ಗೂಢಚಾರರು. ಭಯ ಬರೀ ಪುಸ್ತಕದೊಳಗೆ ಇರಲಿಲ್ಲ.

1798-99ರ ಹೊತ್ತಿಗೆ ಜೇನ್ 'ಸೂಸನ್' ಹೆಸರಲ್ಲಿ ಈ ಕಾದಂಬರಿ ಬರೆದಳು. 17ರ ಹುಡುಗಿ ಕ್ಯಾಥರೀನ್ ಹಳೇ ಮಠದಂಥ ಮನೆಗೆ ಅತಿಥಿಯಾಗಿ ಹೋಗ್ತಾಳೆ. ಬೀರುವಿನಲ್ಲಿ ಸಿಕ್ಕ ನಿಗೂಢ ಹಾಳೆ, ಬೆಳಗಾದ ಮೇಲೆ ನೋಡಿದರೆ, ಬಟ್ಟೆ ಒಗೆಸಿದ ಲೆಕ್ಕ! ಮನೆ ಯಜಮಾನ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕು ಅನ್ನೋ ಆಕೆಯ ಗುಮಾನಿಯೂ ಸುಳ್ಳೇ. ಆದರೆ ಹುಡುಗಿ ತಾನಂದುಕೊಂಡಷ್ಟು ಶ್ರೀಮಂತಳಲ್ಲ ಅಂತ ಗೊತ್ತಾದ ತಕ್ಷಣ ಅದೇ ಜನರಲ್ ಆಕೆಯನ್ನು ಒಬ್ಬಂಟಿಯಾಗಿ ಮನೆಯಿಂದ ಸಾಗಹಾಕ್ತಾನೆ. ಇದನ್ನು ಬರೀ ಅಣಕ ಅನ್ನೋ ವಿಮರ್ಶಕರನ್ನು ನಾನು ಒಪ್ಪೋದಿಲ್ಲ. ಕ್ಯಾಥರೀನ್‌ಳ ಕಲ್ಪನೆ ಅಪರಾಧವನ್ನು ತಪ್ಪು ಹೇಳಿತು, ಆಸಾಮಿಯನ್ನು ಸರಿಯಾಗೇ ಗುರುತಿಸಿತ್ತು.

1801ರಲ್ಲಿ ಸಂಸಾರ ಬಾತ್ ನಗರಕ್ಕೆ ಬಂತು. 1802ರಲ್ಲಿ ಆಸ್ತಿವಂತನೊಬ್ಬನ ಮದುವೆ ಪ್ರಸ್ತಾಪಕ್ಕೆ ಸಂಜೆ ಹೂಂ ಅಂದವಳು ಬೆಳಿಗ್ಗೆ ಬೇಡ ಅಂದಳು. ಮರುವರ್ಷ ಕ್ರಾಸ್ಬಿ ಎಂಬ ಲಂಡನ್ ಪ್ರಕಾಶಕ 10 ಪೌಂಡ್ ಕೊಟ್ಟು 'ಸೂಸನ್' ಕೊಂಡ. ಜಾಹೀರಾತೂ ಕೊಟ್ಟ. ಅಚ್ಚು ಮಾತ್ರ ಹಾಕಲಿಲ್ಲ. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಕ್ಕ, ಜೇನ್ ಮೂವರೂ ಗಂಡುಮಕ್ಕಳು ಕೊಟ್ಟ ದುಡ್ಡಿನಲ್ಲಿ ಬದುಕಬೇಕಾಯ್ತು. 1809ರಲ್ಲಿ ಜೇನ್ ಸುಳ್ಳು ಹೆಸರಿನಲ್ಲಿ ಪ್ರಕಾಶಕನಿಗೆ ಖಾರವಾದ ಪತ್ರ ಬರೆದಳು. ಆ ಹೆಸರಿನ ಮೊದಲಕ್ಷರ ಕೂಡಿಸಿದರೆ 'ಮ್ಯಾಡ್' ಅಂತಾಗ್ತಿತ್ತು! ಇಂತಿಷ್ಟು ದಿನದಲ್ಲಿ ಅಚ್ಚು ಹಾಕ್ತೀನಿ ಅಂತ ಒಪ್ಪಿಲ್ಲ, ಬೇಕಿದ್ರೆ 10 ಪೌಂಡ್ ಕೊಟ್ಟು ಒಯ್ಯಿ, ಬೇರೆಯವರು ಪ್ರಕಟಿಸಿದ್ರೆ ತಡೀತೀವಿ ಅನ್ನೋ ಅರ್ಥದ ಉತ್ತರ ಬಂತು. ಇಂಜಿನಿಯರಿಂಗ್ ಮುಗಿಸಿ ಕಂಪನಿ ಬಾಂಡ್‌ಗೆ ಸಹಿ ಹಾಕಿದವರಿಗೆ ಈ ದನಿ ಹೊಸದಲ್ಲ. ಆಕೆ ಆ ದುಡ್ಡು ಕೊಡಲಿಲ್ಲ.

1811ರಿಂದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ', 'ಪ್ರೈಡ್ ಅಂಡ್ ಪ್ರೆಜುಡೀಸ್' ಹೆಸರಿಲ್ಲದೆ ಬಂದು ಗೆದ್ದವು. 1816ರಲ್ಲಿ ಅಣ್ಣ ಹೆನ್ರಿ ಅದೇ 10 ಪೌಂಡ್ ತೆತ್ತು ಹಸ್ತಪ್ರತಿ ಬಿಡಿಸಿ ತಂದ. ವ್ಯವಹಾರ ಮುಗಿದ ಮೇಲೆ, ಅದು ಯಾರ ಪುಸ್ತಕ ಅಂತ ಪ್ರಕಾಶಕನಿಗೆ ಹೇಳಿದನಂತೆ. 1817ರ ಜುಲೈ 18ರಂದು, 41ನೇ ವಯಸ್ಸಿಗೆ, ಜೇನ್ ವಿಂಚೆಸ್ಟರ್‌ನಲ್ಲಿ ತೀರಿಕೊಂಡಳು. ಕಾದಂಬರಿ ಆ ಡಿಸೆಂಬರ್‌ನಲ್ಲಿ ಹೊರಬಂತು. 'ನಾರ್ಥ್ಯಾಂಗರ್ ಅಬ್ಬೆ' ಅನ್ನೋ ಹೆಸರು ಬಂದದ್ದೂ ಆಕೆ ಸತ್ತ ಮೇಲೆ. ಮುಖಪುಟದಲ್ಲಿ ಆಗಲೂ ಆಕೆಯ ಹೆಸರಿರಲಿಲ್ಲ. ಒಳಗೆ ಹೆನ್ರಿ ಬರೆದ ಪುಟ್ಟ ಪರಿಚಯದಲ್ಲಷ್ಟೇ ಇತ್ತು.