ಸರ್ವಸ್ವವನ್ನೂ ಕಸಿದ ಬಿರುಗಾಳಿಯ ರಾತ್ರಿ: ಕರಾವಳಿಯಲ್ಲಿ ಇಬ್ನ್ ಬತೂತ

ಶೃಂಗೇರಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಮೆಣಸಿನ ಬಳ್ಳಿ ಇಂದಿಗೂ ಸಾಮಾನ್ಯ ನೋಟ. ಘಟ್ಟಪ್ರದೇಶದ ಮೆಣಸನ್ನು ಅರಸಿ ಯೆಮನ್ ಹಾಗೂ ಪರ್ಷಿಯಾದ ವರ್ತಕರು ಬರುತ್ತಿದ್ದ ಕರಾವಳಿಯನ್ನು ಹದಿನಾಲ್ಕನೇ ಶತಮಾನದಲ್ಲಿ ಕಣ್ಣಾರೆ ಕಂಡು ವರ್ಣಿಸಿದವನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಅದೇ ಕಡಲು ಒಂದು ರಾತ್ರಿ ಅವನ ಸರ್ವಸ್ವವನ್ನೂ ಕಸಿದುಕೊಂಡಿತು.

1304ರಲ್ಲಿ ಟ್ಯಾಂಜಿಯರ್‌ನಲ್ಲಿ ಜನಿಸಿದ ಆತ, 1325ರಲ್ಲಿ ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟನು. ಹಲವು ದೇಶಗಳನ್ನು ಸುತ್ತಿ 1333ರಲ್ಲಿ ಸಿಂಧೂ ತೀರ ತಲುಪಿ, ದೆಹಲಿಯಲ್ಲಿ ಮಹಮದ್ ಬಿನ್ ತುಘಲಕ್‌ನ ಆಸ್ಥಾನದಲ್ಲಿ ನ್ಯಾಯಾಧೀಶನಾದನು. ಬಳಿಕ ಸುಲ್ತಾನನು ಅಪಾರ ಉಡುಗೊರೆಗಳೊಡನೆ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದನು.

ಈ ಹಾದಿಯಲ್ಲಿ ಆತ ಹೊನ್ನಾವರ, ಬಸರೂರು, ಬಾರ್ಕೂರು, ಮಂಗಳೂರುಗಳನ್ನು ಕಂಡನು. ಹೊನ್ನಾವರದಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳಿದ್ದವೆಂದು ಅವನ ಪ್ರವಾಸಕಥನ ತಿಳಿಸುತ್ತದೆ. ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳವಾಗಿದ್ದುದನ್ನೂ ಆತ ಗುರುತಿಸಿದ್ದಾನೆ.

ಕಲ್ಲಿಕೋಟೆಯಲ್ಲಿ ಅನುಕೂಲ ಮಾರುತಕ್ಕಾಗಿ ಮೂರು ತಿಂಗಳು ಕಾಯಬೇಕಾಯಿತು. ಉಡುಗೊರೆಗಳು ದೊಡ್ಡ ಚೀನೀ ಹಡಗನ್ನೇರಿದವು. ಅದರಲ್ಲಿ ತಕ್ಕ ಕೋಣೆ ದೊರೆಯದ ಕಾರಣ ಆತ ತನ್ನ ಪರಿವಾರವನ್ನೂ ಸಾಮಾನುಗಳನ್ನೂ ಸಣ್ಣ ಹಡಗಿಗೆ ಸಾಗಿಸಿ, ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲೇ ಉಳಿದನು. ಅಷ್ಟರಲ್ಲಿ ಗಾಳಿ ನಿರೀಕ್ಷೆ ಮೀರಿ ಬೀಸಿತು. ಆಳವಿಲ್ಲದ ತೀರದಲ್ಲಿ ಆಶ್ರಯವಿಲ್ಲದೆ ನಿಂತಿದ್ದ ದೊಡ್ಡ ಹಡಗು ರಾತ್ರಿಯ ಅಲೆಗಳಿಗೆ ಸಿಲುಕಿ ಒಡೆಯಿತು. ಸಹ ರಾಯಭಾರಿಯ ಶವ ದಡ ಸೇರಿತು. ಅದನ್ನು ಕಂಡ ಸಣ್ಣ ಹಡಗಿನವರು ಹಾಯಿ ಬಿಚ್ಚಿ ಹೊರಟೇಹೋದರು. ಆತನ ಬಳಿ ಉಳಿದದ್ದು ಹತ್ತು ದಿನಾರ್ ಹಾಗೂ ಮಲಗುವ ಕಂಬಳಿ ಮಾತ್ರ.

ದೆಹಲಿಗೆ ಮರಳಿದರೆ ಉಡುಗೊರೆಗಳನ್ನೇಕೆ ಅಗಲಿದೆಯೆಂದು ಸುಲ್ತಾನ ಕೇಳುವನೆಂಬ ಭಯ ಅವನನ್ನು ಕಾಡಿತು. ಆದ್ದರಿಂದ ಆತ ಹೊನ್ನಾವರಕ್ಕೇ ಹಿಂದಿರುಗಿ, ಅಲ್ಲಿನ ಸುಲ್ತಾನನ ಗೋವೆಯ ದಂಡಯಾತ್ರೆಯಲ್ಲಿ ಪಾಲ್ಗೊಂಡನು. ಮುಂದೆ ಮಾಲ್ಡೀವ್ಸ್, ಸಿಂಹಳಗಳನ್ನು ಸುತ್ತಿ ಬರುವಾಗ ಹೊನ್ನಾವರ ಮತ್ತು ಬಾರ್ಕೂರಿನ ನಡುವೆ ಕಡಲ್ಗಳ್ಳರು ಉಳಿದುದನ್ನೂ ದೋಚಿದರು. ಆದರೂ ಆತ ಚೀನಾ ಪಯಣದ ಸಂಕಲ್ಪವನ್ನು ಬಿಡಲಿಲ್ಲ.

ಹೊನ್ನಾವರದ ಸುಲ್ತಾನನು ಕಪ್ಪ ಕೊಡುತ್ತಿದ್ದ ಹರ್ಯಬ್ ಎಂಬ ಅರಸನು ವಿಜಯನಗರದ ಒಂದನೇ ಹರಿಹರನೇ ಎಂಬುದು ವಿದ್ವಾಂಸರ ಅಭಿಪ್ರಾಯ. ಅದೇ ಹರಿಹರನು 1346ರಲ್ಲಿ ಸೋದರರೊಡನೆ ಶೃಂಗೇರಿಗೆ ಬಂದು ಮಠಕ್ಕೆ ಭೂದಾನ ಮಾಡಿದ್ದನ್ನು ಇಲ್ಲಿನ ಶಾಸನ ತಿಳಿಸುತ್ತದೆ. ಕಡಲಯಾತ್ರಿಕ ಘಟ್ಟ ಏರಲಿಲ್ಲ. ಆದರೆ ಆತ ಕಂಡ ಬಂದರುಗಳ ಬದುಕು ಮತ್ತು ಮಲೆನಾಡಿನ ಚರಿತ್ರೆ ಒಂದೇ ಕಾಲದ ಎರಡು ಮುಖಗಳು.

1349ರಲ್ಲಿ ತಾಯ್ನಾಡಿಗೆ ಮರಳಿದ ಆತ ತನ್ನ ಅನುಭವಗಳನ್ನು ಹೇಳಿ ಬರೆಸಿದನು. 1355ರಲ್ಲಿ ಪೂರ್ಣಗೊಂಡ ಆ ಕೃತಿಯೇ ‘ರಿಹ್ಲಾ’. ಗಾಳಿ ಕಸಿದ ಸಿರಿ ಮರಳಲಿಲ್ಲ; ನೆನಪಿನಿಂದ ಬರೆಸಿದ್ದು ಮಾತ್ರ ಉಳಿಯಿತು.